ಅಂಜುದೀವಿನಲ್ಲಿ ಕಾದು ಕುಳಿತ ಗವರ್ನರ್

ಓದುಗರ ಪ್ರಶ್ನೆ – ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಕಾರವಾರದ ಹಳೆಯ ಇಂಗ್ಲಿಷ್ ಕೋಠಿಯ, ಎಂದರೆ ವ್ಯಾಪಾರದ ಮನೆಯ, ಕುರಿತು ಬರೆಯುವಾಗ, ಮುಂಬಯಿಯ ಮೊದಲ ಇಂಗ್ಲಿಷ್ ಗವರ್ನರ್ ಸರ್ ಅಬ್ರಹಾಂ ಶಿಪ್‌ಮನ್ ಎಂಬವನು ದಡಕ್ಕೆ ಹತ್ತಿರದ ನಮ್ಮ ಅಂಜುದೀವ್ ದ್ವೀಪದಲ್ಲಿ ತೀರಿಕೊಂಡನೆಂದು ಒಂದು ಸಾಲು ಬರೆದಿದ್ದೆವು. ಕೋಠಿಯನ್ನು ಬಿಟ್ಟು ಓದುಗರು ಆ ಒಂದು ಸಾಲನ್ನೇ ಹಿಡಿದುಕೊಂಡಿದ್ದಾರೆ. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದೆ; ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟು ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: ಮುಂಬಯಿಗೆ ಗವರ್ನರ್ ಆಗಿ ಹೊರಟವನು ಅಂಜುದೀವಿಗೆ ಏಕೆ ಬಂದ? ಬಿರುಗಾಳಿಗೆ ಸಿಕ್ಕಿ ದಿಕ್ಕು ತಪ್ಪಿ ಬಂದ ಹಡಗು ಅದೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಅದು ನಿಜವೇ? (ಬಿಣಗಾದಿಂದ ನಿವೃತ್ತ ಬಂದರು ನೌಕರರೊಬ್ಬರು)

ಉತ್ತರ: ಹಿರಿಯರ ಮಾತಿನಲ್ಲಿ ಹಡಗು ನಿಜ, ಗಾಳಿ ಮಾತ್ರ ಬೇರೆ. ಶಿಪ್‌ಮನ್‌ನನ್ನು ಅಂಜುದೀವಿಗೆ ತಂದು ಹಾಕಿದ್ದು ಒಂದು ಕಾಗದದ ಒಕ್ಕಣೆ.

ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾಗುವುದೆಂದು 1661ರಲ್ಲಿ ಒಪ್ಪಂದವಾಯಿತು. ಬಳುವಳಿಯಾಗಿ ಬಂದ ಆಸ್ತಿಗಳಲ್ಲಿ ಆಫ್ರಿಕದ ಟ್ಯಾಂಜಿಯರ್ ಪಟ್ಟಣವೂ ಮುಂಬಯಿಯ ಬಂದರು ಮತ್ತು ದ್ವೀಪವೂ ಸೇರಿದ್ದವು. ಪೋರ್ಚುಗೀಸರು ಇದನ್ನು ಸುಮ್ಮನೆ ಕೊಡಲಿಲ್ಲ. ಡಚ್ಚರು ಒಂದೊಂದಾಗಿ ತಮ್ಮ ಬಂದರುಗಳನ್ನು ಕಸಿದುಕೊಳ್ಳುತ್ತಿದ್ದುದರಿಂದ, ಇಂಗ್ಲಿಷರು ತಮ್ಮ ಬೆನ್ನಿಗೆ ನಿಲ್ಲಬೇಕೆಂಬ ಕರಾರೂ ಅದರೊಳಗಿತ್ತು. ಈ ಬಳುವಳಿಯನ್ನು ವಶಕ್ಕೆ ತೆಗೆದುಕೊಳ್ಳಲು ಗವರ್ನರನನ್ನಾಗಿ ನೇಮಿಸಿದ್ದು ಶಿಪ್‌ಮನ್‌ನನ್ನು. ಅವನು ವ್ಯಾಪಾರಿಯಲ್ಲ, ಸೈನಿಕ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಒಂದನೆಯ ಚಾರ್ಲ್ಸನ ಪಕ್ಷದಲ್ಲಿ ಕಾದಿದವನು. ಆ ದೊರೆಯ ತಲೆ 1649ರಲ್ಲಿ ಉರುಳಿತು, 1660ರಲ್ಲಿ ಮಗನಿಗೆ ಸಿಂಹಾಸನ ಮರಳಿ ಸಿಕ್ಕಿತು, ಸೋತ ಕಾಲದಲ್ಲಿ ಜೊತೆ ಬಿಡದಿದ್ದವರಿಗೆ ಹುದ್ದೆಗಳು ಸಿಗತೊಡಗಿದವು. ಶಿಪ್‌ಮನ್‌ನ ಪಾಲಿಗೆ ಬಂದದ್ದು ದೂರದ ಒಂದು ದ್ವೀಪದ ಗವರ್ನರಿಕೆ.

1662ರ ಏಪ್ರಿಲ್‌ನಲ್ಲಿ ಮಾರ್ಲ್‌ಬರೋದ ಅರ್ಲ್ ಜೇಮ್ಸ್ ಲೇ ಎಂಬವನ ನಾಯಕತ್ವದಲ್ಲಿ ಐದು ಹಡಗುಗಳು ಇಂಗ್ಲೆಂಡಿನಿಂದ ಹೊರಟವು. ಅವುಗಳಲ್ಲಿ ಶಿಪ್‌ಮನ್‌ನ ನಾಲ್ಕು ತುಕಡಿ ಸೈನಿಕರು, ಎಂದರೆ ಅಧಿಕಾರಿಗಳೂ ಸೇರಿ ನಾನೂರರಿಂದ ಐನೂರು ಜನ, ಇದ್ದರು. ಗೋವೆಗೆ ಹೊಸದಾಗಿ ನೇಮಕಗೊಂಡ ಪೋರ್ಚುಗೀಸ್ ಅಧಿಪತಿ ಅಂತೋನಿಯೊ ದೆ ಮೆಲೊ ಇ ಕಾಸ್ತ್ರೊ ಕೂಡ ಇದೇ ಹಡಗುಗಳಲ್ಲಿ ಬಂದನು. ಆಸ್ತಿ ಕೊಡಬೇಕಾದವನೂ ಪಡೆಯಬೇಕಾದವನೂ ಒಂದೇ ಪಡೆಯಲ್ಲಿ ಪಯಣಿಸಿದರೂ ದಾರಿಯಲ್ಲಿ ಸ್ನೇಹ ಬೆಳೆಯಲಿಲ್ಲ; ಇಂಗ್ಲಿಷ್ ನಾಯಕರು ತನ್ನನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲವೆಂದು ಮೆಲೊ ಇ ಕಾಸ್ತ್ರೊ ಆಮೇಲೆ ದೂರಿದ್ದಾನೆ.

ಮೊದಲ ಹಡಗುಗಳು ಸೆಪ್ಟೆಂಬರಿನಲ್ಲಿ ಮುಂಬಯಿ ತಲುಪಿದವು. ಪಕ್ಕದ ಸಾಷ್ಟಿ, ಠಾಣೆಗಳೂ ಮುಂಬಯಿಯ ಭಾಗವೇ ಎಂದು ಮಾರ್ಲ್‌ಬರೋ ವಾದಿಸಿದನು. ಒಪ್ಪಂದದಲ್ಲಿರುವುದು ಮುಂಬಯಿ ದ್ವೀಪ ಒಂದೇ ಎಂದು ಪೋರ್ಚುಗೀಸರು ಹೇಳಿದರು. ಮುಂದಿನ ತಿಂಗಳು ಶಿಪ್‌ಮನ್ ಬಂದು ತನ್ನ ಅಧಿಕಾರಪತ್ರವನ್ನು ತೋರಿಸಿದಾಗ, ಅದರ ಒಕ್ಕಣೆ ಸರಿಯಿಲ್ಲವೆಂದೂ ಎರಡೂ ದೊರೆಗಳಿಂದ ಹೊಸ ಪತ್ರ ಬರುವವರೆಗೆ ದ್ವೀಪವನ್ನು ಬಿಟ್ಟುಕೊಡಲಾಗದೆಂದೂ ಮೆಲೊ ಇ ಕಾಸ್ತ್ರೊ ಉತ್ತರಿಸಿದನು. ಹೊಸ ಪತ್ರ ಬೇಕೆಂದರೆ ಹಡಗು ಲಂಡನ್ನಿಗೆ ಹೋಗಿ ಬರಬೇಕು; ಆಫ್ರಿಕವನ್ನು ಸುತ್ತಿ ಹೋಗಲು ಆರು ತಿಂಗಳಿಗಿಂತ ಕಡಿಮೆ ಹಿಡಿಯುತ್ತಿರಲಿಲ್ಲ, ಬರಲು ಮತ್ತೆ ಅಷ್ಟೇ. ತಾಲ್ಲೂಕು ಕಚೇರಿಯಲ್ಲಿ ‘ಈ ಅರ್ಜಿಗೆ ಇನ್ನೊಂದು ದಾಖಲೆ ಬೇಕು’ ಎಂಬ ಮಾತು ಕೇಳಿ ಮನೆಗೆ ಮರಳಿದವರಿಗೆ ಶಿಪ್‌ಮನ್‌ನ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವೆಂದರೆ ಅವನಿಗೆ ಮರಳಲು ಹತ್ತಿರದಲ್ಲಿ ಮನೆ ಇರಲಿಲ್ಲ.

ಸೈನಿಕರನ್ನು ಎಲ್ಲಾದರೂ ಇಳಿಸಲೇಬೇಕಿತ್ತು. ಸೂರತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧ್ಯಕ್ಷನಾಗಿದ್ದ ಜಾರ್ಜ್ ಆಕ್ಸೆಂಡನ್ನನನ್ನು ಕೇಳಿದರು. ಆಯುಧಧಾರಿಗಳಾದ ನೂರಾರು ಪರದೇಶಿಗಳು ಇಳಿದರೆ ಮೊಗಲರ ಅಧಿಕಾರಿ ತಮ್ಮ ವ್ಯಾಪಾರಕ್ಕೇ ಸಂಚಕಾರ ತರುವನೆಂಬ ಭಯದಿಂದ ಅವನು ಒಪ್ಪಲಿಲ್ಲ. ಮಾರ್ಲ್‌ಬರೋ ಹಡಗುಗಳೊಡನೆ ಇಂಗ್ಲೆಂಡಿಗೆ ಮರಳಿದನು. ಶಿಪ್‌ಮನ್ ತನ್ನ ಜನರನ್ನು ಕಟ್ಟಿಕೊಂಡು ಅಂಜುದೀವಿಗೆ ಬಂದು ಇಳಿದನು. ಸುದ್ದಿ 1663ರ ಮೇ ತಿಂಗಳ ಹೊತ್ತಿಗೆ ಲಂಡನ್ನನ್ನು ಮುಟ್ಟಿತು. ಅಲ್ಲಿನ ನೌಕಾ ಇಲಾಖೆಯ ಸ್ಯಾಮ್ಯುಯೆಲ್ ಪೀಪ್ಸ್, ಪೋರ್ಚುಗೀಸರು ಮುಂಬಯಿಯ ವಿಷಯದಲ್ಲಿ ನಮಗೆ ಟೋಪಿ ಹಾಕಿದ್ದಾರೆಂಬ ಅರ್ಥದ ಮಾತನ್ನು ಶಿಪ್‌ಮನ್‌ನ ಹೆಸರು ಹೇಳಿಯೇ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಪ್ರಶ್ನೆ: ದ್ವೀಪದಿಂದ ದಡಕ್ಕೆ ಹೆಚ್ಚೆಂದರೆ ಎರಡು ಕಿಲೋಮೀಟರು. ಕಾರವಾರದಲ್ಲಿ ಅವರದೇ ದೇಶದವರ ಕೋಠಿ. ಕೋವಿ ಹಿಡಿದ ನಾನೂರು ಜನ ದಡಕ್ಕೆ ಬಾರದೆ ದ್ವೀಪದಲ್ಲೇ ಕುಳಿತು ಸತ್ತರೆಂಬುದು ನಂಬುವಂತಿಲ್ಲ. (ಸಿರಸಿಯಿಂದ ಇತಿಹಾಸದ ಉಪನ್ಯಾಸಕಿಯೊಬ್ಬರು)

ಉತ್ತರ: ಪತ್ರಗಳಲ್ಲೆಲ್ಲ ಒಳ್ಳೆಯ ಪ್ರಶ್ನೆ ಇದು, ಮೇಡಂ. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲಿಗೆ, ಕೋಠಿಯವರೂ ಸೈನಿಕರೂ ಒಂದೇ ದೇಶದವರಾದರೂ ಒಂದೇ ಯಜಮಾನನ ಆಳುಗಳಲ್ಲ. ಕೋಠಿ ಮೆಣಸು ಕೊಳ್ಳುವ ವ್ಯಾಪಾರಸ್ಥರದು, ಸೈನಿಕರು ದೊರೆಯವರು. ಆಗಿನ ಕಾರವಾರವು ಬಿಜಾಪುರದ ಆದಿಲಶಾಹಿಯ ಅಧಿಕಾರಿಗಳ ಕೈಯಲ್ಲಿತ್ತು, ದಕ್ಷಿಣಕ್ಕೆ ಇಕ್ಕೇರಿಯ ನಾಯಕರ ಸೀಮೆ. ಸೂರತ್ತಿನಲ್ಲಿ ಆಕ್ಸೆಂಡನ್ ಹೆದರಿದ ಕಾರಣವೇ ಇಲ್ಲಿಯೂ ಇತ್ತು: ಘಟ್ಟದ ಮೇಲಿಂದ ಇಳಿಯುವ ಮೆಣಸಿನ ವ್ಯಾಪಾರ ನಡೆಯುವುದು ಸ್ಥಳೀಯ ಅಧಿಕಾರಿಯ ಮರ್ಜಿಯಿಂದ, ಅದನ್ನು ಐನೂರು ಸೈನಿಕರಿಗಾಗಿ ಪಣಕ್ಕಿಡಲು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಒಂದು ಹಂತದಲ್ಲಿ ಶಿಪ್‌ಮನ್ ಬೇಸತ್ತು, ಮುಂಬಯಿಯ ಮೇಲಿನ ದೊರೆಯ ಹಕ್ಕನ್ನು ಕಂಪನಿಯೇ ತೆಗೆದುಕೊಳ್ಳಲಿ ಎಂದು ಸೂರತ್ತಿನವರ ಮುಂದಿಟ್ಟನು. ಅವರು ಅದನ್ನೂ ಬೇಡವೆಂದರು. ಮುಂದೆ ನಾಲ್ಕೇ ವರ್ಷಗಳಲ್ಲಿ ಅದೇ ಕಂಪನಿ ಅದೇ ಮುಂಬಯಿಯನ್ನು ಸಂತೋಷದಿಂದ ಪಡೆಯಿತೆಂಬುದನ್ನು ನೆನೆದರೆ ಈ ನಿರಾಕರಣೆ ವಿಚಿತ್ರವೆನಿಸುತ್ತದೆ, ಆದರೆ 1664ರ ಜನವರಿಯಲ್ಲಿ ಶಿವಾಜಿ ಮಹಾರಾಜರು ಸೂರತ್ತನ್ನೇ ಸೂರೆಗೊಂಡಿದ್ದರು; ತನ್ನ ಕೋಠಿಯ ಬಾಗಿಲಲ್ಲಿ ಕಾವಲು ನಿಂತಿದ್ದ ಆಕ್ಸೆಂಡನ್ನನಿಗೆ ಇನ್ನೊಂದು ದ್ವೀಪದ ಚಿಂತೆ ಬೇಡವಾಗಿದ್ದರೆ ಆಶ್ಚರ್ಯವಿಲ್ಲ.

ಎರಡನೆಯದಾಗಿ, ಮುಂಬಯಿಯನ್ನು ಬಲಾತ್ಕಾರದಿಂದ ತೆಗೆದುಕೊಳ್ಳುವ ದಾರಿಯೂ ಶಿಪ್‌ಮನ್‌ಗೆ ಮುಚ್ಚಿತ್ತು. ಪೋರ್ಚುಗಲ್ಲು ಮಿತ್ರರಾಜ್ಯ, ರಾಣಿಯ ತವರು. ಬಳುವಳಿಗಾಗಿ ಬೀಗರ ಮನೆಯ ಬಾಗಿಲು ಒಡೆಯುವುದು ಹೇಗೆ? ಹಡಗುಗಳು ಹೋದ ಮೇಲಂತೂ ಅವನ ಸೈನಿಕರು ಕಡಲಿನ ನಡುವೆ ಕಾಲಿಲ್ಲದವರಂತಾದರು.

ಇನ್ನು ಸಾವು. ಉತ್ತರ ಕನ್ನಡದವರಿಗೆ ಮಳೆಗಾಲದ ಕಡಲು ಹೇಗಿರುತ್ತದೆಂದು ಹೇಳಿಕೊಡಬೇಕಾಗಿಲ್ಲ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಕಡಲಿನಲ್ಲೇ ಹುಟ್ಟಿ ಬೆಳೆದ ಹರಿಕಂತ್ರ, ಖಾರ್ವಿ, ಗಾಬಿತ ಸಮಾಜದವರೂ ಆ ದಿನಗಳಲ್ಲಿ ದೋಣಿಯನ್ನು ಮೇಲೆಳೆದು ಇಟ್ಟು, ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ನೀರಿಗಿಳಿಸುತ್ತಿದ್ದರು. ಆದ್ದರಿಂದ ತಾವು ಹೇಳುವ ಎರಡು ಕಿಲೋಮೀಟರು ಜನವರಿಯ ಲೆಕ್ಕ. ಜುಲೈಯಲ್ಲಿ ಅದೇ ನೀರು ಸಾವಿರ ಮೈಲಿಗೆ ಸಮ. ಸುಮಾರು ಒಂದೂವರೆ ಕಿಲೋಮೀಟರು ಉದ್ದದ, ಅಗಲ ಇನ್ನೂ ಕಿರಿದಾದ ಆ ಕಲ್ಲುದ್ವೀಪದಲ್ಲಿ ಸರಿಯಾದ ಮನೆಗಳಿರಲಿಲ್ಲ. ತಂಪು ದೇಶದ ಉಣ್ಣೆ ಬಟ್ಟೆ ತೊಟ್ಟವರು, ಬಹುಮಟ್ಟಿಗೆ ಗುಡಿಸಲುಗಳಲ್ಲಿ, ಒಣಗಲು ಬಿಸಿಲಿಲ್ಲದೆ, ಹೊಸ ದವಸ ಬಾರದೆ ತಿಂಗಳುಗಟ್ಟಲೆ ಕಳೆಯಬೇಕಾಯಿತು. ಮಲೇರಿಯಾ ಜ್ವರದ ರೋಗಾಣು ಸೊಳ್ಳೆಯ ಮೈಯೊಳಗಿರುವುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. 1663ರ ವೈದ್ಯನಿಗೆ ಕೆಟ್ಟ ಗಾಳಿಯೇ ಕಾರಣ, ರಕ್ತ ತೆಗೆಯುವುದೇ ಮದ್ದು. ಸೈನಿಕರ ಕುಡಿತವೂ ಸಾವಿಗೆ ಕಾರಣವೆಂದು ಆ ಕಾಲದವರು ದೂರಿದ್ದಾರೆ. ಇರಬಹುದು, ಆದರೆ ದ್ವೀಪದಲ್ಲಿ ಕೂಡಿಹಾಕಿದವರ ಸಾವಿಗೆ ಅವರ ಶೀಸೆಯನ್ನೇ ತೋರಿಸುವುದು ಕೂಡಿಹಾಕಿದವರಿಗೆ ಅನುಕೂಲದ ವಿವರಣೆ ಎಂಬುದು ನನ್ನ ಅನಿಸಿಕೆ.

ಮುಂಬಯಿಯಲ್ಲಿ ನೆಲಸಿದ ಇಂಗ್ಲಿಷರಲ್ಲಿ ಆ ಶತಮಾನದ ಕೊನೆಯ ಹೊತ್ತಿಗೆ ಒಂದು ಗಾದೆ ಹುಟ್ಟಿಕೊಂಡಿತ್ತು: ಎರಡು ಮಳೆಗಾಲವೇ ಮನುಷ್ಯನ ಆಯುಸ್ಸು. ಶಿಪ್‌ಮನ್‌ನ ಪಡೆ ಅಂಜುದೀವಿನಲ್ಲಿ ಕಳೆದದ್ದು ಸರಿಯಾಗಿ ಎರಡು ಮಳೆಗಾಲ, 1663ರದು ಮತ್ತು 1664ರದು. ಎರಡನೆಯದನ್ನು ಶಿಪ್‌ಮನ್ ನೋಡಲಿಲ್ಲ. ಅವನು 1664ರ ಏಪ್ರಿಲ್‌ನಲ್ಲಿ, ಎಂದರೆ ನಮ್ಮಲ್ಲಿ ಮಾವು ಗೇರು ಹಣ್ಣಾಗುವ ಹೊತ್ತಿಗೆ, ದ್ವೀಪದಲ್ಲೇ ಸತ್ತನು. ಇಂಗ್ಲೆಂಡಿನಿಂದ ಹೊರಟ ನಾನೂರು–ಐನೂರರಲ್ಲಿ ಕೊನೆಗೆ ಮುಂಬಯಿಯಲ್ಲಿ ಕಾಲಿಟ್ಟ ಸಾಮಾನ್ಯ ಸಿಪಾಯಿಗಳ ಸಂಖ್ಯೆ 97.

ಪ್ರಶ್ನೆ: ಅಂಜುದೀವ್ ಎಂಬ ಹೆಸರು ಇಂಗ್ಲಿಷರು ಇಟ್ಟದ್ದೇ? ನಮ್ಮೂರಿನ ಆರ್ಯಾದುರ್ಗೆ ಆ ದ್ವೀಪದಿಂದ ಬಂದವಳು ಎನ್ನುತ್ತಾರೆ. (ಅಂಕೋಲೆಯಿಂದ ಗೃಹಿಣಿಯೊಬ್ಬರು)

ಉತ್ತರ: ಇಂಗ್ಲಿಷರಿಗಿಂತ ಹೆಸರು ಹಳೆಯದು. 1498ರಲ್ಲಿ ಊರಿಗೆ ಮರಳುವಾಗ ವಾಸ್ಕೊ ಡ ಗಾಮನು ಹಡಗು ದುರಸ್ತಿಗೂ ಕುಡಿಯುವ ನೀರಿಗೂ ನಿಂತದ್ದು ಇಲ್ಲೇ, ಆಗಲೇ ಆ ಹೆಸರು ಕೇಳಿಬರುತ್ತದೆ. ತಮಿಳು, ಮಲಯಾಳಗಳ ‘ಅಂಜು’, ಎಂದರೆ ಐದು, ಸುತ್ತಲಿನ ದ್ವೀಪಗಳೊಡನೆ ಸೇರಿ ಅಂಜುದೀವ್ ಆಯಿತೆಂದು ಕೆಲವರು ಹೇಳುತ್ತಾರೆ. ದೇವಿಯ ಹೆಸರಿನಿಂದಲೇ ಬಂದದ್ದೆಂಬುದು ಇನ್ನು ಕೆಲವರ ವಾದ. ಅಂಕೋಲೆಯ ಆರ್ಯಾದುರ್ಗೆಯ ಮೂಲಸ್ಥಾನ ಅಂಜುದೀವೆಂಬ ನಂಬಿಕೆ ನಿಮ್ಮ ಊರಿನಲ್ಲಿ ಇಂದಿಗೂ ಗಟ್ಟಿಯಾಗಿದೆ.

ಶಿಪ್‌ಮನ್‌ನ ಕಥೆಗೆ ಇದರಿಂದ ಒಂದು ಉಪಯೋಗವಿದೆ. ಮನುಷ್ಯರು ಇರಲಾಗದ ಬಂಡೆಯೆಂದು ಅಂಜುದೀವನ್ನು ಇಂಗ್ಲಿಷ್ ಬರಹಗಳು ಚಿತ್ರಿಸಿವೆ, ಅದು ಪೂರ್ತಿ ನಿಜವಲ್ಲ. ಸಿಹಿನೀರಿನ ಬುಗ್ಗೆಗಳಿದ್ದುದರಿಂದಲೇ ನಾವಿಕರು ಶತಮಾನಗಳಿಂದ ಅಲ್ಲಿ ನಿಲ್ಲುತ್ತಿದ್ದರು. ಪೋರ್ಚುಗೀಸರು ಅಲ್ಲಿ ಕಟ್ಟಿದ ಇಗರ್ಜಿಗೆ ಬುಗ್ಗೆಗಳ ಮಾತೆ ಎಂದೇ ಹೆಸರು. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇದ ಅಲ್ಲೊಂದು ಕೋಟೆಯನ್ನೂ ಕಟ್ಟಿಸಿದ್ದನು. ಆದರೆ ಸ್ವಲ್ಪವೇ ಕಾಲದಲ್ಲಿ ಪೋರ್ಚುಗೀಸರೇ ಅದನ್ನು ಕೆಡವಿ ಹೊರಟುಹೋದರು, ಮತ್ತೆ ಕೋಟೆ ಎದ್ದದ್ದು 1682ರಲ್ಲಿ. ನಡುವಿನ ನೂರೆಪ್ಪತ್ತೈದು ವರ್ಷಗಳ ಖಾಲಿ ಕಾಲದಲ್ಲಿ ಶಿಪ್‌ಮನ್ ಬಂದು ಹೋದ. ಕೆಲವು ವಾರ ನಿಂತು ನೀರು ತುಂಬಿಕೊಂಡು ಹೋಗುವವರಿಗೆ ಆ ದ್ವೀಪ ಒಳ್ಳೆಯದೇ, ಅಲ್ಲೇ ಎರಡು ವರ್ಷ ನೂರಾರು ಜನ ಒಲೆ ಹೂಡುವುದು ಬೇರೆ ಮಾತು.

ಪ್ರಶ್ನೆ: ಮುಂಬಯಿ ಇಂಗ್ಲಿಷರ ಕೈಸೇರಿದ ದಿನವನ್ನು ಒಂದು ಪುಸ್ತಕದಲ್ಲಿ 1665ರ ಫೆಬ್ರುವರಿ 18 ಎಂದೂ ಇನ್ನೊಂದರಲ್ಲಿ 1664ರ ಫೆಬ್ರುವರಿ 8 ಎಂದೂ ಬರೆದಿದ್ದಾರೆ. ಯಾವುದು ತಪ್ಪು? (ಕುಮಟೆಯಿಂದ ಪದವಿ ವಿದ್ಯಾರ್ಥಿ)

ಉತ್ತರ: ಎರಡೂ ಸರಿ. ಕ್ಯಾಥೊಲಿಕ್ ದೇಶವಾದ ಪೋರ್ಚುಗಲ್ 1582ರಲ್ಲೇ ಪೋಪ್ ಗ್ರೆಗರಿಯ ಹೊಸ ಪಂಚಾಂಗವನ್ನು ಒಪ್ಪಿಕೊಂಡಿತ್ತು; ಇಂಗ್ಲೆಂಡು 1752ರವರೆಗೂ ಹಳೆಯದನ್ನೇ ಇಟ್ಟುಕೊಂಡಿತು. ಹದಿನೇಳನೆಯ ಶತಮಾನದಲ್ಲಿ ಎರಡರ ನಡುವೆ ಹತ್ತು ದಿನಗಳ ಅಂತರ. ಸಾಲದ್ದಕ್ಕೆ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ, ಆದ್ದರಿಂದ ಅವರ ಫೆಬ್ರುವರಿ ಇನ್ನೂ ಹಳೆಯ ವರ್ಷದಲ್ಲೇ ಇರುತ್ತಿತ್ತು. ಕರಾವಳಿಯಲ್ಲಿ ಒಂದೇ ಊರಿನ ಎರಡು ಮನೆಗಳು ಚಾಂದ್ರಮಾನ, ಸೌರಮಾನವೆಂದು ಬೇರೆ ಬೇರೆ ದಿನ ಯುಗಾದಿ ಮಾಡುವುದನ್ನು ಕಂಡವರಿಗೆ ಇದು ಕಷ್ಟವಾಗಲಾರದು. ಪರೀಕ್ಷೆಯಲ್ಲಿ 1665ರ ಫೆಬ್ರುವರಿ 18 ಎಂದು ಬರೆಯಿರಿ.

ಪ್ರಶ್ನೆ: ಶಿಪ್‌ಮನ್ ಸತ್ತ ಮೇಲೆ ಅವನ ಹೆಸರಿನ ಅಧಿಕಾರಪತ್ರಕ್ಕೆ ಬೆಲೆ ಏನು? ಸತ್ತವನ ಹೆಸರಿನಲ್ಲಿ ಇನ್ನೊಬ್ಬನು ಆಸ್ತಿಯನ್ನು ಸ್ವಾಧೀನಕ್ಕೆ ಪಡೆದದ್ದು ಕಾನೂನಿಗೆ ಸರಿಯೇ? (ಹೊನ್ನಾವರದಿಂದ ಕಾನೂನು ವಿದ್ಯಾರ್ಥಿನಿ)

ಉತ್ತರ: ಗೋವೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಬೇಡಿದ್ದ ಹೊಸ ಪತ್ರಗಳು 1664ರ ಕೊನೆಯ ಭಾಗದಲ್ಲಿ ಕೈಸೇರಿದಾಗ ಅವುಗಳಲ್ಲಿದ್ದ ಹೆಸರು ಶಿಪ್‌ಮನ್‌ನದು, ಅವನು ಮಣ್ಣಾಗಿ ಆಗಲೇ ತಿಂಗಳುಗಳು ಕಳೆದಿದ್ದವು. ಆದರೆ ಸಾಯುವ ಮೊದಲು ಅವನು ತನ್ನ ಕಾರ್ಯದರ್ಶಿ ಹಂಫ್ರಿ ಕುಕ್‌ನನ್ನು ಉತ್ತರಾಧಿಕಾರಿಯೆಂದು ಉಯಿಲಿನಲ್ಲಿ ಹೆಸರಿಸಿದ್ದನು. ಖಾಸಗಿ ಉಯಿಲಿನಿಂದ ದೊರೆಯ ಅಧಿಕಾರವನ್ನು ದಾಟಿಸಬಹುದೇ ಎಂಬ ತೊಡಕನ್ನು ಮೆಲೊ ಇ ಕಾಸ್ತ್ರೊ ಗೋವೆಯ ಉಚ್ಚ ನ್ಯಾಯಾಲಯದ ಮುಂದಿಟ್ಟನು. ನ್ಯಾಯಾಧೀಶರು ಕುಕ್‌ನ ಹಕ್ಕನ್ನು ಎತ್ತಿಹಿಡಿದರು. ಮುಂಬಯಿ ಕೊಡುವುದು ಅವರಲ್ಲಿ ಯಾರಿಗೂ ಬೇಡವಾಗಿತ್ತು, ತಡೆಯಲು ಇದಕ್ಕಿಂತ ಒಳ್ಳೆಯ ನೆಪ ಮತ್ತೆ ಸಿಗುವಂತೆಯೂ ಇರಲಿಲ್ಲ; ಹಾಗಿದ್ದೂ ದಾಖಲೆಯನ್ನು ನೋಡಿ ತೀರ್ಮಾನ ಕೊಟ್ಟರೆಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಕುಕ್ ಮಾತ್ರ ಈ ಗೆಲುವಿಗೆ ದೊಡ್ಡ ಬೆಲೆ ತೆತ್ತನು. ಉಳಿದ ಸೈನಿಕರು ದ್ವೀಪದಲ್ಲಿ ಇನ್ನೊಂದು ಮಳೆಗಾಲವನ್ನು ತಾಳಲಾರರೆಂಬುದು ಅವನ ಕಣ್ಣೆದುರಿಗಿತ್ತು. 1665ರ ಜನವರಿ 14ರಂದು ಪಣಜಿಯಲ್ಲಿ ಅವನು ಸಹಿ ಮಾಡಿದ ಕರಾರಿನಲ್ಲಿ, ಸಾಷ್ಟಿ, ಠಾಣೆಗಳ ಮಾತೇ ಬಿಟ್ಟುಹೋಗಿ, ಪೋರ್ಚುಗೀಸರಿಗೆ, ಅವರ ದೋಣಿಗಳ ಸುಂಕದ ವಿನಾಯಿತಿಯೂ ಸೇರಿದಂತೆ, ಕೇಳಿದ್ದೆಲ್ಲ ದೊರೆಯಿತು. ಮುಂದಿನ ತಿಂಗಳು ದೋನ ಇನೇಸ್ ದ ಮಿರಾಂದ ಎಂಬ ಜಮೀನ್ದಾರಿಣಿಯ ಮನೆಯಲ್ಲಿ ಹಸ್ತಾಂತರ ನಡೆಯಿತು. ಚಾರ್ಲ್ಸ್ ದೊರೆ ಈ ಕರಾರನ್ನು ಒಪ್ಪಲಿಲ್ಲ, ಕುಕ್‌ನನ್ನು ತೆಗೆದು ಸರ್ ಜರ್ವೇಸ್ ಲೂಕಾಸ್ ಎಂಬವನನ್ನು ಕಳಿಸಿದನು. ಹಣ ತಿಂದನೆಂಬ ಆರೋಪದ ಮೇಲೆ ಕುಕ್ ಸೆರೆಗೂ ಹೋದನು. ಅವನು ಪ್ರಾಮಾಣಿಕನಾಗಿದ್ದನೆಂದು ವಾದಿಸಲು ನಾನು ಸಿದ್ಧನಿಲ್ಲ, ಆದರೆ ಪಣಜಿಯ ಕರಾರಿನ ದೋಷಗಳನ್ನು ಲಂಡನ್ನಿನ ಬೆಚ್ಚಗಿನ ಕೋಣೆಯಲ್ಲಿ ಕುಳಿತು ಎಣಿಸಿದವರಾರೂ ಅಂಜುದೀವಿನಲ್ಲಿ ಒಂದು ಆಷಾಢ ಕಳೆದವರಲ್ಲ.

ಹಸ್ತಾಂತರಿಸುವಾಗ ಮೆಲೊ ಇ ಕಾಸ್ತ್ರೊ ತನ್ನ ದೊರೆಗೆ ಬರೆದ ಪತ್ರವೊಂದು ಪ್ರಸಿದ್ಧವಾಗಿದೆ. ಆಜ್ಞೆಗೆ ತಲೆಬಾಗಿ ಇದನ್ನು ಮಾಡುತ್ತಿದ್ದೇನೆ, ಆದರೆ ಇಂಗ್ಲಿಷರು ಮುಂಬಯಿಯಲ್ಲಿ ನೆಲೆಯೂರಿದ ದಿನವೇ ಇಂಡಿಯಾ ನಮ್ಮ ಕೈ ತಪ್ಪುತ್ತದೆ ಎಂಬುದು ಅದರ ತಾತ್ಪರ್ಯ. ಶಿಪ್‌ಮನ್‌ನನ್ನು ಒಕ್ಕಣೆಯ ನೆಪದಲ್ಲಿ ಒಂದೂವರೆ ವರ್ಷ ಸತಾಯಿಸಿದವನು ಬರಿಯ ಮೊಂಡನೆಂದು ಭಾವಿಸುವವರು ಈ ಪತ್ರವನ್ನು ಓದಬೇಕು. ಲೂಕಾಸ್ ಬಂದ ಆರೇ ತಿಂಗಳಲ್ಲಿ, 1667ರ ಮೇಯಲ್ಲಿ, ತೀರಿಕೊಂಡನು. ಖರ್ಚಿಗೆ ಸಾಲದ ಈ ದ್ವೀಪ ದೊರೆಗೂ ಸಾಕಾಗಿ 1668ರಲ್ಲಿ ಅದನ್ನು ವರ್ಷಕ್ಕೆ ಹತ್ತು ಪೌಂಡು ಗೇಣಿಗೆ ಕಂಪನಿಗೆ ಕೊಟ್ಟನು. ಶಿಪ್‌ಮನ್‌ನ ಸೈನಿಕರನ್ನು ಸೂರತ್ತಿನಲ್ಲಿ ಇಳಿಸಲು ಒಲ್ಲೆನೆಂದ ಆಕ್ಸೆಂಡನ್ನನೇ ಕಂಪನಿಯ ಪರವಾಗಿ ಅಲ್ಲಿನ ಗವರ್ನರನಾದನು. ಅಂಜುದೀವಿನಿಂದ ಬದುಕಿ ಬಂದವರಲ್ಲಿ ಉಳಿದಿದ್ದವರು ಕಂಪನಿಯ ಸೇವೆಗೆ ಸೇರಿದರು. ಮುಂಬಯಿಯಲ್ಲಿ ಕಂಪನಿಯ ಮೊದಲ ಯುರೋಪಿಯನ್ ಪಡೆ ಹುಟ್ಟಿದ್ದು ಅಲ್ಲಿಂದ. ಅದೇ ಪಡೆ ಹೆಸರು ಬದಲಿಸುತ್ತ ಬದಲಿಸುತ್ತ ಕೊನೆಗೆ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್‌ನ ಭಾಗವಾಗಿ 1922ರವರೆಗೆ ಬಾಳಿತು.

ಪ್ರಶ್ನೆ: ಇದೆಲ್ಲ ನಡೆಯುತ್ತಿದ್ದಾಗ ಕಾರವಾರದ ಕೋಠಿಯವರು ಏನು ಮಾಡುತ್ತಿದ್ದರು? (ಸದಾಶಿವಗಡದಿಂದ ಓದುಗರು)

ಉತ್ತರ: ತಮ್ಮ ತಲೆಯ ಚಿಂತೆಯಲ್ಲಿದ್ದರು. ಮುಂಬಯಿ ಹಸ್ತಾಂತರವಾದ ಫೆಬ್ರುವರಿ ತಿಂಗಳಲ್ಲೇ ಶಿವಾಜಿ ಮಹಾರಾಜರು 85 ಯುದ್ಧನೌಕೆಗಳೊಡನೆ ಬಂದು ಬಸರೂರನ್ನು ಸೂರೆಗೊಂಡು, ಗೋಕರ್ಣದಲ್ಲಿ ಸಮುದ್ರಸ್ನಾನ ಮಾಡಿ, ಅಲ್ಲಿಂದ ಕಾರವಾರದ ಕಡೆಗೆ ತಿರುಗಿದರು. ಬಿಜಾಪುರದ ಅಧಿಕಾರಿ ಶೇರ್‌ಖಾನನು ಊರಿನಲ್ಲಿ ಇದ್ದುದರಿಂದ ಲೂಟಿ ನಡೆಯಲಿಲ್ಲ. ವರ್ತಕರಿಂದ ಕಾಣಿಕೆ ಎತ್ತಿಕೊಟ್ಟರು, ಅದರಲ್ಲಿ ಇಂಗ್ಲಿಷ್ ಕೋಠಿಯ ಪಾಲು 112 ಪೌಂಡು. ನನ್ನ ಹೋಳಿಯ ಬೇಟೆಯನ್ನು ಶೇರ್‌ಖಾನ ಕೆಡಿಸಿದ ಎಂದು ಶಿವಾಜಿ ಹೇಳಿ ಹೊರಟರೆಂದು ಕೋಠಿಯವರು ಮಾರ್ಚ್‌ನಲ್ಲಿ ಬರೆದ ಪತ್ರದಲ್ಲಿದೆ. ಶಿಪ್‌ಮನ್‌ನ ಸೈನಿಕರು ಇನ್ನೊಂದೆರಡು ತಿಂಗಳು ಅಂಜುದೀವಿನಲ್ಲಿ ಉಳಿದಿದ್ದರೆ ಮರಾಠರ ಹಡಗುಗಳು ಕಣ್ಣೆದುರೇ ಹಾದುಹೋಗುವುದನ್ನು ನೋಡುತ್ತಿದ್ದರು.

ಪ್ರಶ್ನೆ: ದ್ವೀಪವನ್ನು ನೋಡಲು ಹೋಗಬಹುದೇ? ಅದು ನಮ್ಮ ಜಿಲ್ಲೆಗೆ ಸೇರಿದ್ದೇ? (ಭಟ್ಕಳದಿಂದ ಪ್ರೌಢಶಾಲೆಯ ವಿದ್ಯಾರ್ಥಿಗಳು)

ಉತ್ತರ: ಕಣ್ಣಿಗೆ ನಮ್ಮದು, ಕಾಗದದಲ್ಲಿ ಗೋವೆಯದು, ಕಾವಲು ನೌಕಾಪಡೆಯದು. ಪೋರ್ಚುಗೀಸರು ಅದನ್ನು 1961ರವರೆಗೆ ಬಿಡಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದ್ವೀಪದಿಂದ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿ ಒಬ್ಬ ಮೀನುಗಾರ ಸತ್ತನು. ಡಿಸೆಂಬರ್ 18ರಂದು ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ಹಡಗುಗಳು ದಾಳಿ ನಡೆಸಿದವು. ದ್ವೀಪ ಕೈಗೆ ಬರುವಷ್ಟರಲ್ಲಿ ನಮ್ಮ ಏಳು ಮಂದಿ ನಾವಿಕರು ಮಡಿದಿದ್ದರು. ಈಗ ಅದು ಐಎನ್‌ಎಸ್ ಕದಂಬ ನೌಕಾನೆಲೆಯ ಒಳಗಿದೆ, ಸಾರ್ವಜನಿಕರು ತಾವಾಗಿ ಹೋಗುವಂತಿಲ್ಲ. ನೌಕಾನೆಲೆಗಾಗಿ ಕಡಲಿಗೆ ಕಲ್ಲು ತುಂಬಿ ಕಟ್ಟಿದ ಅಲೆತಡೆಯು ದ್ವೀಪವನ್ನು ದಡಕ್ಕೆ ಸೇರಿಸಿಬಿಟ್ಟಿರುವುದರಿಂದ, ಶಿಪ್‌ಮನ್‌ನ ಸೈನಿಕರು ಎರಡು ಮಳೆಗಾಲ ದಾಟಲಾರದೆ ನೋಡುತ್ತ ಕುಳಿತ ಆ ನೀರಿನ ಹರವು ಈಗ ಮೊದಲಿನಂತಿಲ್ಲ.